ಭಾರೀ ಬೈಕಿನ ಸಸ್ಪೆನ್ಷನ್: ಬದಲಿಸುವ ಮುನ್ನ ಅಳೆಯೋಣ

ಮುಂಬಯಿ, ಠಾಣೆ, ಪುಣೆಗಳಲ್ಲಿ ನೆಲೆನಿಂತ ನಮ್ಮ ಕನ್ನಡ ಕುಟುಂಬಗಳ ಕಟ್ಟಡದ ಅಂಗಳದಲ್ಲಿ ಒಂದು ಕಾಲಕ್ಕೆ ಚೇತಕ್ ಸ್ಕೂಟರು ನಿಂತಿರುತ್ತಿತ್ತು. ಇಂದು ಅದೇ ಜಾಗದಲ್ಲಿ ಮಗನದೋ ಅಳಿಯನದೋ ಭಾರೀ ಮೋಟಾರ್ ಸೈಕಲ್ಲು ನಿಂತಿದೆ. ಕೆಲವು ಮನೆಗಳಲ್ಲಿ ಮಗಳದು. ಹಬ್ಬಕ್ಕೆ ರೈಲಿನ ಟಿಕೆಟು ಸಿಗದಿದ್ದಾಗ, ಸಿಕ್ಕಿದರೂ ಬೇಡವೆನಿಸಿದಾಗ, ಇವರು ಬಾಳಸಂಗಾತಿಯನ್ನು ಹಿಂದೆ ಕೂರಿಸಿಕೊಂಡು, ಎರಡೂ ಬದಿಗೆ ಚೀಲ ತೂಗಿಸಿ ಊರಿಗೆ ಹೊರಡುತ್ತಾರೆ. ಮುಂಬಯಿ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಆದುದರಿಂದ ಹಳೆಯ ರಸ್ತೆಯಲ್ಲಿ ಖಂಡಾಳಾ ಘಟ್ಟವನ್ನೇರಿ, ಪುಣೆಯ ಆಚೆಗೆ ಕಾತ್ರಜ್, ಖಂಬಾಟಕಿ, ಸಾತಾರಾ, ಕೊಲ್ಲಾಪುರಗಳನ್ನು ದಾಟಿದರೆ ನಿಪ್ಪಾಣಿಯಲ್ಲಿ ಕರ್ನಾಟಕದ ಗಡಿ. ಕರಾವಳಿಯ ಬಂಧುಗಳಾದರೆ ಕೊಂಕಣದ 66ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ, ಮಳೆಗಾಲ ಮುಗಿದ ಮೇಲಿನ ಹೊಂಡಗಳನ್ನು ಎಣಿಸುತ್ತ ಉಡುಪಿ, ಮಂಗಳೂರುಗಳತ್ತ ಸಾಗುತ್ತಾರೆ.

ಹೀಗೆ ಹೋಗಿಬಂದ ಮೇಲೆ ಮನೆಯಲ್ಲಿ ಚರ್ಚೆಯೊಂದು ಏಳುವುದು ರೂಢಿ. ಇಬ್ಬರು ಕುಳಿತಾಗ ಹಿಂಭಾಗ ಹೊಂಡದಲ್ಲಿ ಧಡ್ ಎಂದು ಬಡಿಯುತ್ತದೆ, ಘಟ್ಟದ ತಿರುವಿನಲ್ಲಿ ಬೈಕು ದೋಣಿಯಂತೆ ತೊನೆಯುತ್ತದೆ, ಸಸ್ಪೆನ್ಷನ್ ಬದಲಿಸಬೇಕು ಎಂದು ಮಗ ಹೇಳುತ್ತಾನೆ. ಕಂಪನಿ ಕೊಟ್ಟದ್ದನ್ನು ಕಿತ್ತು ಬೇರೆ ಹಾಕುವುದೇಕೆ, ಇದೆಲ್ಲ ಶೋಕಿ ಎಂದು ತಂದೆ ಹೇಳುತ್ತಾರೆ. ಬ್ಯಾಂಕಿನಲ್ಲಿ ವಾಹನ ಸಾಲದ ಅರ್ಜಿಗಳನ್ನು ವರ್ಷಗಟ್ಟಲೆ ನೋಡಿದ ನಮಗೆ ಎರಡು ಮಾತುಗಳಲ್ಲಿಯೂ ಅರ್ಧ ಸತ್ಯ ಕಾಣುತ್ತದೆ. ಮಗನ ದೂರು ನಿಜವಾದದ್ದು. ಆದರೆ ಅವನು ಸೂಚಿಸುವ ಹೊಳೆಯುವ ದುಬಾರಿ ಶಾಕ್ ಅಬ್ಸಾರ್ಬರುಗಳು ಬಹಳ ಸಲ ಪಟ್ಟಿಯ ಕೊನೆಗೆ ಇರಬೇಕಾದವು. ಮೊದಲಿಗೆ ಬೇಕಾದುದು ಒಂದು ಅಳತೆಯ ಟೇಪು. ನಾವು ಕಲಾ ವಿಭಾಗದ ಪದವೀಧರರು, ಎಂಜಿನಿಯರುಗಳಲ್ಲ. ಆದರೆ ವಿಷಯವು ಸಾಮಾನ್ಯ ಬುದ್ಧಿಗೆ ನಿಲುಕದಷ್ಟು ಗಹನವೇನೂ ಅಲ್ಲ.

ಸಸ್ಪೆನ್ಷನ್ ಇರುವುದು ನಮ್ಮ ಬೆನ್ನಿನ ಸುಖಕ್ಕೆ ಎಂಬುದು ಸಾಮಾನ್ಯ ನಂಬಿಕೆ. ಸುಖ ಎನ್ನುವುದು ಅದರ ಉಪಫಲ. ಅದರ ಮುಖ್ಯ ಕೆಲಸ ಟಯರನ್ನು ರಸ್ತೆಗೆ ಅಂಟಿಸಿಡುವುದು. ಎರಡು ಕ್ವಿಂಟಲಿಗೂ ಮೀರಿದ ಬೈಕು ಮತ್ತು ಅದರ ಮೇಲಿನ ಎರಡು ಜೀವಗಳು ನೆಲವನ್ನು ಮುಟ್ಟಿರುವುದು ಎರಡು ಅಂಗೈಗಳಷ್ಟು ರಬ್ಬರಿನಿಂದ ಮಾತ್ರ. ಉಬ್ಬಿನ ಮೇಲೆ ಹಾರಿದ ಚಕ್ರ ಕ್ಷಣಕಾಲ ಗಾಳಿಯಲ್ಲಿದ್ದರೆ, ಆ ಕ್ಷಣದಲ್ಲಿ ಬ್ರೇಕೂ ಇಲ್ಲ, ತಿರುವೂ ಇಲ್ಲ. ಮೋಟಾರ್ ಸೈಕಲ್ಲಿನ ಚರಿತ್ರೆಯಲ್ಲಿ ಈ ತಿಳಿವಳಿಕೆ ನಿಧಾನವಾಗಿಯೇ ಬಂದಿತು. ಎಣ್ಣೆಯ ಒತ್ತಡದಿಂದ ಕುಲುಕಾಟವನ್ನು ತಡೆಯುವ ಟೆಲಿಸ್ಕೋಪಿಕ್ ಫೋರ್ಕನ್ನು ಜರ್ಮನಿಯ ಬಿಎಂಡಬ್ಲ್ಯು ಸಂಸ್ಥೆ ಮಾರುಕಟ್ಟೆಯ ಬೈಕಿಗೆ ಅಳವಡಿಸಿದ್ದು 1935ರಲ್ಲಿ. ಹಿಂದಿನ ಚಕ್ರಕ್ಕೆ ಸ್ವಿಂಗ್ ಆರ್ಮ್ ಉಳ್ಳ ಬುಲೆಟ್ಟಿನ ಮಾದರಿಗಳನ್ನು ರಾಯಲ್ ಎನ್‌ಫೀಲ್ಡ್ ಇಂಗ್ಲೆಂಡಿನಲ್ಲಿ ಸ್ಪರ್ಧೆಗಿಳಿಸಿದ್ದು 1948ರಲ್ಲಿ. ಅಲ್ಲಿಯ ತನಕ ಬಹುಪಾಲು ಬೈಕುಗಳಲ್ಲಿ ಹಿಂದಿನ ಚಕ್ರ ಚೌಕಟ್ಟಿಗೆ ನೇರವಾಗಿ ಬಿಗಿದದ್ದೇ. ಸೀಟಿನ ಕೆಳಗಿನ ಸ್ಪ್ರಿಂಗುಗಳೇ ಸವಾರನಿಗೆ ಗತಿ.

ಇನ್ನು ಯಂತ್ರದ ಒಳಗಿನ ಸಂಗತಿ. ಮೆಕ್ಯಾನಿಕರು “ಶಾಕಪ್” ಎಂದು ಒಂದೇ ಹೆಸರಿನಲ್ಲಿ ಕರೆಯುವ ಈ ಭಾಗದಲ್ಲಿ ಎರಡು ಬೇರೆ ಬೇರೆ ಕೆಲಸಗಾರರಿದ್ದಾರೆ. ಒಂದು ಸ್ಪ್ರಿಂಗು, ಮತ್ತೊಂದು ಡ್ಯಾಂಪರು. ಇವೆರಡನ್ನು ಗೊಂದಲ ಮಾಡಿಕೊಂಡವರು ಹಣ ಕಳೆದುಕೊಳ್ಳುತ್ತಾರೆ.

ಸ್ಪ್ರಿಂಗನ್ನು ತಿಳಿಯಲು ರದ್ದಿ ಪೇಪರಿನವನ ತೂಗುಕೊಕ್ಕೆಯನ್ನು ನೆನೆದರೆ ಸಾಕು. ಒಂದು ಕಿಲೋ ತೂಗಿಸಿದರೆ ಮುಳ್ಳು ಒಂದು ಗೆರೆ ಇಳಿಯುತ್ತದೆ, ಎರಡು ಕಿಲೋಗೆ ಎರಡು ಗೆರೆ. ಸೊನ್ನೆಯ ತಿರುಪನ್ನು ತಿರುಗಿಸಿದರೆ ಮುಳ್ಳು ಹೊರಡುವ ಜಾಗ ಬದಲಾಗುತ್ತದೆಯೇ ಹೊರತು ಕಿಲೋಗೆ ಒಂದು ಗೆರೆ ಎಂಬ ಲೆಕ್ಕ ಬದಲಾಗುವುದಿಲ್ಲ. ಶಾಕ್ ಅಬ್ಸಾರ್ಬರಿನ ಕೆಳಗಿರುವ, ಮೆಟ್ಟಿಲು ಮೆಟ್ಟಿಲಾಗಿ ತಿರುಗುವ ಉಂಗುರವೂ ಅಷ್ಟೇ. ಅದರ ಹೆಸರು ಪ್ರೀಲೋಡ್. ಅದನ್ನು ಕೊನೆಯ ಮೆಟ್ಟಿಲಿಗೆ ತಿರುಗಿಸಿ “ಸ್ಪ್ರಿಂಗ್ ಗಟ್ಟಿ ಮಾಡಿಸಿದೆ” ಎನ್ನುವವರು ಎಲ್ಲ ಗ್ಯಾರೇಜುಗಳಲ್ಲಿಯೂ ಸಿಗುತ್ತಾರೆ. ಸ್ಪ್ರಿಂಗು ಗಟ್ಟಿಯಾಗಿರುವುದಿಲ್ಲ. ಬೈಕಿನ ಹಿಂಭಾಗ ಎತ್ತರಕ್ಕೆ ಏರಿರುತ್ತದೆ, ಅಷ್ಟೆ. ಸ್ಪ್ರಿಂಗಿನ ಬಲ ಬದಲಾಗಬೇಕಾದರೆ ಸ್ಪ್ರಿಂಗನ್ನೇ ಬದಲಿಸಬೇಕು.

ಸ್ಪ್ರಿಂಗು ಒಂದೇ ಇದ್ದಿದ್ದರೆ ಬೈಕು ಒಂದು ಹೊಂಡಕ್ಕೆ ಹತ್ತು ಸಲ ಕುಣಿಯುತ್ತಿತ್ತು. ಆ ಕುಣಿತವನ್ನು ಅಡಗಿಸುವವನು ಡ್ಯಾಂಪರು. ಹೋಳಿಯ ಪಿಚಕಾರಿಯನ್ನು ಮೆಲ್ಲನೆ ಒತ್ತಿದರೆ ನೀರು ಸಲೀಸಾಗಿ ಹೊರಡುತ್ತದೆ; ರಭಸದಿಂದ ಒತ್ತಿದರೆ ಕೈಗೆ ಗೋಡೆ ಸಿಕ್ಕಂತಾಗುತ್ತದೆ. ಡ್ಯಾಂಪರಿನೊಳಗೂ ಎಣ್ಣೆ ಸಣ್ಣ ರಂಧ್ರಗಳ ಮೂಲಕ ನುಗ್ಗುತ್ತದೆ. ಬರಿಯ ರಂಧ್ರಗಳಿದ್ದರೆ ವೇಗ ಎರಡು ಪಟ್ಟಾದಾಗ ತಡೆ ಸರಿಸುಮಾರು ನಾಲ್ಕು ಪಟ್ಟಾಗುತ್ತದೆ. ಸಾಧಾರಣ ಬೈಕುಗಳ ಮುಂದಿನ ಫೋರ್ಕಿನಲ್ಲಿ ಇರುವುದು ಇಂತಹುದೇ ಸರಳ ವ್ಯವಸ್ಥೆ. ಪರಿಣಾಮವಾಗಿ ಬ್ರೇಕು ಹಿಡಿದಾಗಿನ ನಿಧಾನದ ಚಲನೆಯಲ್ಲಿ ಅದು ತೀರ ಮೆದು, ಮುಂಭಾಗ ತಟ್ಟನೆ ಮುಗ್ಗರಿಸುತ್ತದೆ. ಕಾಂಕ್ರೀಟು ರಸ್ತೆಯ ಅಂಚಿನಂತಹ ಚೂಪಾದ ಏಟಿಗೆ ಅದು ತೀರ ಬಿರುಸು, ಮಣಿಕಟ್ಟಿಗೆ ಬಡಿಯುತ್ತದೆ. ಒಂದೇ ಫೋರ್ಕು ಮೆದುವೂ ಬಿರುಸೂ ಆಗಿರುವುದು ಹೇಗೆ ಎಂದು ಸವಾರರು ಬೆರಗಾಗುತ್ತಾರೆ. ಕಾರಣ ಇದೇ.

ಉದಾಹರಣೆಗೆಂದು ನಮ್ಮ ಓದುಗರ ಮನೆಗಳಲ್ಲಿ ಹೆಚ್ಚಾಗಿ ಕಾಣುವ ಒಂದು ಬೈಕನ್ನು ತೆಗೆದುಕೊಳ್ಳೋಣ. ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650 ಭಾರತದಲ್ಲಿ ಬಿಡುಗಡೆಯಾದದ್ದು 2018ರ ನವೆಂಬರಿನಲ್ಲಿ. ಇಂಧನವಿಲ್ಲದೆ ಅದರ ತೂಕ 202 ಕಿಲೋ. ಮುಂದೆ 41 ಮಿಲಿಮೀಟರ್ ವ್ಯಾಸದ ಫೋರ್ಕು, ಅದರ ಓಡಾಟ 110 ಮಿಲಿಮೀಟರ್. ಹಿಂದೆ ಜೋಡಿ ಶಾಕ್ ಅಬ್ಸಾರ್ಬರುಗಳು, ಓಡಾಟ 88 ಮಿಲಿಮೀಟರ್. ಅಂದರೆ ಹಿಂದಿನ ಚಕ್ರಕ್ಕೆ ಮೇಲೆ ಕೆಳಗೆ ಆಡಲು ದೊರೆತಿರುವುದು ಒಂದು ಗೇಣಿನ ಅರ್ಧಕ್ಕೂ ಕಡಿಮೆ ಜಾಗ. ಇಷ್ಟರಲ್ಲಿಯೇ ಸವಾರ, ಸಂಗಾತಿ, ಚೀಲಗಳು, ಹೊಂಡಗಳು ಎಲ್ಲವೂ ಮುಗಿಯಬೇಕು. ಒಂಟಿ ಸವಾರನಿಗೂ ತುಂಬಿದ ಸಂಸಾರಕ್ಕೂ ಒಂದೇ ಸ್ಪ್ರಿಂಗನ್ನು ಕೊಡಬೇಕಾದ ತಯಾರಕರು ನಡುವಿನ ಒಂದು ತೂಕವನ್ನು ಆಯ್ದುಕೊಳ್ಳುತ್ತಾರೆ. ಅದು ಅವರ ತಪ್ಪಲ್ಲ. ಆದರೆ ಆ ತೂಕ ನಮ್ಮ ಮನೆಯವರದೇ ಆಗಿರಬೇಕೆಂದಿಲ್ಲ.

ಅಳೆಯುವ ಬಗೆ ಹೀಗೆ. ಮೂವರು ಬೇಕು. ಬೈಕನ್ನು ನಡುವಿನ ಸ್ಟ್ಯಾಂಡಿನ ಮೇಲೆ ಹಾಕಿ ಹಿಂದಿನ ಚಕ್ರ ನೆಲದಿಂದ ಎದ್ದಿರುವಾಗ, ಚಕ್ರದ ಅಚ್ಚಿನಿಂದ ನೇರ ಮೇಲಕ್ಕೆ ಸೀಟಿನ ಕೆಳಗಿನ ಯಾವುದಾದರೊಂದು ಗುರುತಿನ ತನಕ ಅಳೆದು ಬರೆದುಕೊಳ್ಳಬೇಕು. ಬಳಿಕ ಬೈಕನ್ನು ನೆಲಕ್ಕಿಳಿಸಿ, ಒಬ್ಬರು ಮುಂದಿನಿಂದ ನೆಟ್ಟಗೆ ಹಿಡಿದಿರಲು, ಸವಾರ ತನ್ನ ಹೆಲ್ಮೆಟು, ಜಾಕೆಟು, ಬೂಟುಗಳ ಸಹಿತ ಕುಳಿತು ಎರಡೂ ಕಾಲುಗಳನ್ನು ಮೇಲಿರಿಸಬೇಕು. ಮೂರನೆಯವರು ಅದೇ ಎರಡು ಬಿಂದುಗಳ ನಡುವೆ ಮತ್ತೆ ಅಳೆಯಬೇಕು. ಎರಡು ಅಳತೆಗಳ ಅಂತರವೇ ಕುಸಿತ. ಬೈಕಿನವರು ಇದನ್ನು ಸ್ಯಾಗ್ ಎನ್ನುತ್ತಾರೆ. ರಸ್ತೆಯ ಬೈಕಿಗೆ ಇದು ಒಟ್ಟು ಓಡಾಟದ ಕಾಲು ಭಾಗದಿಂದ ಮೂರನೆಯ ಒಂದು ಭಾಗದೊಳಗೆ ಇರುವುದು ಲೇಸು. ಮೇಲೆ ಹೇಳಿದ ಬೈಕಿನಲ್ಲಿ ಹಿಂದೆ 22ರಿಂದ 29 ಮಿಲಿಮೀಟರ್, ಮುಂದೆ 28ರಿಂದ 37 ಮಿಲಿಮೀಟರ್. ಮುಂದಿನದನ್ನು ಅಳೆಯಲು ಫೋರ್ಕಿನ ರಬ್ಬರು ಗವಸನ್ನು ಮೇಲಕ್ಕೆ ಸರಿಸಿ, ಹೊಳೆಯುವ ಕೊಳವೆಗೆ ಒಂದು ಪ್ಲಾಸ್ಟಿಕ್ ಕೇಬಲ್ ಟೈ ಕಟ್ಟಿದರೆ ಅದು ಎಷ್ಟು ಸರಿದಿತೆಂದು ತಾನೇ ತೋರಿಸುತ್ತದೆ.

ಈಗ ಹಿಂಬದಿಯ ಸವಾರರನ್ನೂ ಚೀಲಗಳನ್ನೂ ಏರಿಸಿ ಇನ್ನೊಮ್ಮೆ ಅಳೆಯಿರಿ. ಹಿಂದೆ ಕುಳಿತವರ ಭಾರದ ಬಹುಪಾಲು ಹಿಂದಿನ ಚಕ್ರದ ಮೇಲೆಯೇ ಬೀಳುತ್ತದೆ. ಕುಸಿತ 45 ಮಿಲಿಮೀಟರಿಗೆ ಹೋಯಿತೆನ್ನಿ. ಹೊಂಡಗಳಿಗೆಂದು ಉಳಿದದ್ದು 43 ಮಾತ್ರ. ಧಡ್ ಎಂಬ ಸದ್ದಿಗೆ ಇದೇ ಮೂಲ. ಉಂಗುರವನ್ನು ಮೇಲಿನ ಮೆಟ್ಟಿಲಿಗೆ ಏರಿಸಿದರೆ ಹೋದ ಜಾಗದ ಒಂದು ಪಾಲು ಮರಳಿ ಬರುತ್ತದೆ. ಇದಕ್ಕೆ ಬೇಕಾಗುವುದು ಬೈಕಿನ ಸಲಕರಣೆಯ ಚೀಲದ ಒಂದು ಸ್ಪ್ಯಾನರು ಮತ್ತು ಐದು ನಿಮಿಷ. ಎರಡೂ ಬದಿಯ ಉಂಗುರಗಳು ಒಂದೇ ಮೆಟ್ಟಿಲಿನಲ್ಲಿರಬೇಕು. ಎಡಕ್ಕೆ ಎರಡು, ಬಲಕ್ಕೆ ನಾಲ್ಕು ಎಂದಿರುವ ಬೈಕುಗಳನ್ನು ನಾವೇ ಕಂಡಿದ್ದೇವೆ.

ಸವಾರನಿಲ್ಲದೆ ಬೈಕು ತನ್ನ ಭಾರಕ್ಕೆ ಎಷ್ಟು ಕುಸಿಯುತ್ತದೆ ಎಂಬುದನ್ನೂ ನೋಡಬೇಕು. ಇಬ್ಬರು ಕುಳಿತಾಗ ಕುಸಿತ ಸರಿಯಾಗಲೆಂದು ಉಂಗುರವನ್ನು ಕೊನೆಗೆ ತಿರುಗಿಸಿ, ಖಾಲಿ ಬೈಕು ಒಂದಿಷ್ಟೂ ಕುಸಿಯದೆ ಸೆಟೆದು ನಿಂತರೆ ಆ ಭಾರಕ್ಕೆ ಸ್ಪ್ರಿಂಗು ಮೆದುವಾಯಿತೆಂದು ಅರ್ಥ. ಹೊಸ ಸ್ಪ್ರಿಂಗಿಗೆ ಹಣ ತೆರಲು ನ್ಯಾಯವಾದ ಕಾರಣ ಸಿಗುವುದು ಇಲ್ಲಿ.

ಆದರೂ ಅಂಗಡಿಗೆ ಹೋಗುವ ಮೊದಲು ಇನ್ನೊಂದು ಸುತ್ತು ಉಳಿದಿದೆ. ತೊನೆದಾಟದ ಆರೋಪ ಹೊತ್ತ ಸಸ್ಪೆನ್ಷನ್ ಅನೇಕ ವೇಳೆ ನಿರಪರಾಧಿ. ಟಯರಿನ ಗಾಳಿ ಕಡಿಮೆ ಇದ್ದರೆ, ನಡು ಸವೆದು ಚಪ್ಪಟೆಯಾಗಿದ್ದರೆ ಯಾವ ಶಾಕ್ ಅಬ್ಸಾರ್ಬರೂ ಅದನ್ನು ಮುಚ್ಚಲಾರದು. ಹ್ಯಾಂಡಲಿನ ಕೋನ್ ಸೆಟ್ ಸಡಿಲವಾಗಿದ್ದರೆ ಬ್ರೇಕು ಹಿಡಿದಾಗ ಕಟಕ್ ಎನ್ನುತ್ತದೆ. ಅತಿ ಬಿಗಿಯಾಗಿದ್ದರೆ ಬೈಕು ನೇರ ಹಾದಿಯಲ್ಲಿಯೂ ಅತ್ತಿತ್ತ ಅಲೆಯುತ್ತದೆ. ಸ್ವಿಂಗ್ ಆರ್ಮಿನ ಬುಷ್ ಸವೆದಿದ್ದರೆ ಹಿಂದಿನ ಚಕ್ರವನ್ನು ಪಕ್ಕಕ್ಕೆ ಎಳೆದಾಗ ಕೈಗೆ ತಿಳಿಯುತ್ತದೆ. ಚೈನನ್ನು ತೀರ ಬಿಗಿ ಮಾಡಿದ್ದರೆ ಅದು ಹಿಂದಿನ ಚಕ್ರದ ಓಡಾಟವನ್ನೇ ಕಟ್ಟಿಹಾಕುತ್ತದೆ. ಫೋರ್ಕಿನ ಎಣ್ಣೆಯ ಕಥೆಯಂತೂ ಬೇರೆಯೇ. ಎಂಜಿನ್ ಎಣ್ಣೆಯನ್ನು ತಪ್ಪದೆ ಬದಲಿಸುವವರು ಫೋರ್ಕಿನಲ್ಲಿ ಎಣ್ಣೆ ಇದೆಯೆಂಬುದನ್ನೇ ಮರೆತಿರುತ್ತಾರೆ. ವರ್ಷಗಟ್ಟಲೆ ಕುದಿದು ಕದಡಿ ಕಪ್ಪಾದ ಎಣ್ಣೆ ತಡೆಯುವ ಗುಣವನ್ನು ಕಳೆದುಕೊಂಡಿರುತ್ತದೆ. ಅದನ್ನು ಬದಲಿಸಿ ಎರಡೂ ಕಾಲುಗಳಲ್ಲಿ ಒಂದೇ ಮಟ್ಟಕ್ಕೆ ತುಂಬಿಸಿದರೆ ಅರ್ಧ ದೂರು ಅಲ್ಲಿಯೇ ಮುಗಿಯುವುದುಂಟು. ಎಣ್ಣೆಯ ಮೇಲೆ ಉಳಿಯುವ ಗಾಳಿಯ ಪದರವೂ ಒಂದು ಸ್ಪ್ರಿಂಗಿನಂತೆ ವರ್ತಿಸುವುದರಿಂದ ಮಟ್ಟವನ್ನು ಕಣ್ಣಂದಾಜಿನಿಂದಲ್ಲ, ಅಳತೆಯ ಪಟ್ಟಿಯಿಂದಲೇ ನೋಡಬೇಕು. ಫೋರ್ಕಿನ ಸೀಲಿನಿಂದ ಎಣ್ಣೆ ಜಿನುಗುತ್ತಿದ್ದರೆ ತಡಮಾಡುವಂತಿಲ್ಲ. ಅದು ಹರಿದು ಸೇರುವುದು ಬ್ರೇಕಿನ ಡಿಸ್ಕನ್ನು.

ಇಷ್ಟಾದ ಮೇಲೂ ದೂರು ಉಳಿದರೆ ಖರ್ಚಿನ ಮಾತು. ನಮ್ಮ ಅಭಿಪ್ರಾಯದಲ್ಲಿ ಮೊದಲ ಹಣ ಮುಂದಿನ ಫೋರ್ಕಿಗೆ ಸಲ್ಲಬೇಕು. ಹೆಚ್ಚಿನವರು ಮಾಡುವುದು ಇದರ ವಿರುದ್ಧ. ಹಿಂದಿನ ಶಾಕ್ ಅಬ್ಸಾರ್ಬರು ಕಣ್ಣಿಗೆ ಕಾಣುತ್ತದೆ, ಫೋರ್ಕಿನ ಒಳಗಿನದು ಯಾರಿಗೂ ಕಾಣದು. ಬ್ರೇಕಿನ ಲೆಕ್ಕವನ್ನೇ ನೋಡೋಣ. ಬೈಕು, ಪೆಟ್ರೋಲು, ಸವಾರ, ಸಂಗಾತಿ ಎಲ್ಲ ಸೇರಿ 355 ಕಿಲೋ ಎಂದಿಟ್ಟುಕೊಳ್ಳಿ. ಚಕ್ರಗಳ ನಡುವಣ ಅಂತರ 1,400 ಮಿಲಿಮೀಟರ್, ಭಾರದ ಕೇಂದ್ರ ನೆಲದಿಂದ ಸುಮಾರು 650 ಮಿಲಿಮೀಟರ್ ಎತ್ತರದಲ್ಲಿದೆಯೆನ್ನಿ. ಗುರುತ್ವಾಕರ್ಷಣೆಯ ಅರ್ಧದಷ್ಟು ಬಲದಲ್ಲಿ ಬ್ರೇಕು ಹಿಡಿದರೆ, ಅಂದರೆ ಎಮ್ಮೆಯೊಂದು ಅಡ್ಡ ಬಂದಾಗ ಯಾರಾದರೂ ಹಿಡಿಯುವಷ್ಟು, ಹಿಂದಿನ ಚಕ್ರದಿಂದ ಮುಂದಿನ ಚಕ್ರಕ್ಕೆ 80 ಕಿಲೋಗೂ ಮೀರಿದ ಭಾರ ವರ್ಗವಾಗುತ್ತದೆ. ಮೆದುವಾದ ಫೋರ್ಕು ಈ ಏಟಿಗೆ ತನ್ನ ಓಡಾಟವನ್ನೆಲ್ಲ ಮುಗಿಸಿ ತಳ ಕಂಡರೆ, ಅದೇ ಕ್ಷಣದಲ್ಲಿ ಎದುರಾದ ಹೊಂಡಕ್ಕೆ ಉತ್ತರ ಕೊಡಲು ಏನೂ ಉಳಿದಿರುವುದಿಲ್ಲ. ಘಟ್ಟದ ಇಳಿಜಾರಿನಲ್ಲಿ ಬ್ರೇಕು ಹಿಡಿದುಕೊಂಡೇ ತಿರುವಿಗೆ ಇಳಿಯುವಾಗ ಇದು ಬರಿಯ ಅಹಿತದ ಸಂಗತಿಯಾಗಿ ಉಳಿಯುವುದಿಲ್ಲ. ಹಿಂದೆ ಕುಳಿತವರ ಕೈಯಲ್ಲಿ ಹ್ಯಾಂಡಲೂ ಇಲ್ಲ, ಬ್ರೇಕೂ ಇಲ್ಲ ಎಂಬುದನ್ನು ಹಣ ಕೊಡುವ ಹಿರಿಯರು ನೆನಪಿನಲ್ಲಿಡಬೇಕು.

ಫೋರ್ಕಿಗೆ ಮಾಡಬಹುದಾದುದು ಎರಡು. ಸವಾರರ ಭಾರಕ್ಕೆ ಒಪ್ಪುವ ಸ್ಪ್ರಿಂಗುಗಳನ್ನು ಹಾಕಿಸುವುದು ಮೊದಲನೆಯದು. ಇವು ಎರಡು ಬಗೆ. ಸುರುಳಿಗಳ ಅಂತರ ಉದ್ದಕ್ಕೂ ಒಂದೇ ಆಗಿರುವ ಸ್ಪ್ರಿಂಗು ಪ್ರತಿ ಮಿಲಿಮೀಟರಿಗೂ ಒಂದೇ ಲೆಕ್ಕ ಕೊಡುತ್ತದೆ. ಒಂದು ತುದಿಯಲ್ಲಿ ಒತ್ತಾಗಿ ಸುತ್ತಿದ್ದು ಮೊದಲು ಮೆದು, ಹೋದಂತೆ ಗಟ್ಟಿ. ಸವಾರ ಒಬ್ಬನೇ ಆದರೆ ಮೊದಲನೆಯದರ ನಡೆ ಊಹೆಗೆ ಸುಲಭ. ಒಂದು ದಿನ ಒಬ್ಬರು, ಒಂದು ದಿನ ಇಬ್ಬರು ಎನ್ನುವ ಸಂಸಾರಸ್ಥರಿಗೆ ಎರಡನೆಯದೂ ಅಸಮ್ಮತವಲ್ಲ. ಎರಡನೆಯ ಉಪಾಯ ಎಮ್ಯುಲೇಟರ್ ಎಂಬ ಪುಟ್ಟ ಕವಾಟ. ಹಳೆಯ ಫೋರ್ಕಿನೊಳಗೇ ಕೂರುವ ಇದು ನಿಧಾನದ ಚಲನೆಯಲ್ಲಿ ಎಣ್ಣೆಯನ್ನು ತಡೆದು ನಿಲ್ಲಿಸುತ್ತದೆ. ಚೂಪಾದ ಏಟು ಬಿದ್ದಾಗ ತನ್ನ ಸ್ಪ್ರಿಂಗನ್ನು ತಳ್ಳಿಕೊಂಡು ಬಾಯಿ ತೆರೆದು ಎಣ್ಣೆಗೆ ದಾರಿ ಬಿಡುತ್ತದೆ. ಪಿಚಕಾರಿಯ ಗೋಡೆಗೆ ಬಾಗಿಲೊಂದನ್ನು ಇಟ್ಟಂತೆ. ಕೆಲವರು ಇವೆಲ್ಲ ಬೇಡವೆಂದು ಗಟ್ಟಿ ಎಣ್ಣೆಯನ್ನು ಸುರಿಸುತ್ತಾರೆ. ಮುಗ್ಗರಿಸುವುದು ಸ್ವಲ್ಪ ತಗ್ಗುತ್ತದೆ ನಿಜ, ಆದರೆ ಮಣಿಕಟ್ಟಿನ ಏಟು ದುಪ್ಪಟ್ಟಾಗುತ್ತದೆ.

ಆಮೇಲೆ ಹಿಂದಿನ ಶಾಕ್ ಅಬ್ಸಾರ್ಬರು. 1976ರಲ್ಲಿ ಸ್ವೀಡನ್ನಿನಲ್ಲಿ ಆರಂಭವಾದ ಓಲಿನ್ಸ್ ಸಂಸ್ಥೆಯ ಚಿನ್ನದ ಬಣ್ಣದವು ಯುವಕರ ಕನಸಿನಲ್ಲಿ ಬರುತ್ತವೆ. ಥಾಯ್ಲೆಂಡಿನ ವೈಎಸ್ಎಸ್ ಮೊದಲಾದವರು ಅದಕ್ಕಿಂತ ಕೈಗೆಟಕುವ ಬೆಲೆಯಲ್ಲಿ ಕೊಡುತ್ತಾರೆ. ಹೆಸರಿಗಿಂತ ಮುಖ್ಯವಾದ ಪ್ರಶ್ನೆಗಳು ಬೇರೆ. ನಮ್ಮ ತೂಕವನ್ನು ಕೇಳಿ ಅದಕ್ಕೆ ತಕ್ಕ ಸ್ಪ್ರಿಂಗನ್ನು ಕೊಡುತ್ತಾರೆಯೇ? ಮೇಲಕ್ಕೆ ಮರಳುವ ವೇಗವನ್ನು, ಅಂದರೆ ರಿಬೌಂಡನ್ನು, ಹೊರಗಿನಿಂದ ತಿದ್ದಲು ತಿರುಪು ಇದೆಯೇ? ಮುಂದೆ ಸೀಲು ಹೋದಾಗ ಬಿಚ್ಚಿ ರಿಪೇರಿ ಮಾಡುವವರು ನಮ್ಮ ಊರಿನಲ್ಲಿದ್ದಾರೆಯೇ? ತೂಕ ಕೇಳದೆ ಡಬ್ಬಿಯನ್ನು ಕೈಗಿಡುವ ಅಂಗಡಿಯಿಂದ ಹೊರಗೆ ಬರುವುದೇ ಮೇಲು. ಉದ್ದದ ವಿಷಯದಲ್ಲಿಯೂ ಎಚ್ಚರ ಬೇಕು. ಮೂಲದ್ದಕ್ಕಿಂತ ಉದ್ದನೆಯದನ್ನು ಹಾಕಿ ಹಿಂಭಾಗ 24 ಮಿಲಿಮೀಟರ್ ಏರಿದರೆ, 1,400 ಮಿಲಿಮೀಟರಿನ ಅಂತರದಲ್ಲಿ ಇಡೀ ಬೈಕು ಒಂದು ಡಿಗ್ರಿ ಮುಂದಕ್ಕೆ ಬಾಗುತ್ತದೆ. ತಿರುವಿಗೆ ಚುರುಕಾಗುತ್ತದೆ, ಆದರೆ ವೇಗದಲ್ಲಿ ನೇರ ನಿಲ್ಲುವ ಗುಣ ಕುಂದುತ್ತದೆ. ಪಕ್ಕದ ಸ್ಟ್ಯಾಂಡಿನ ಮೇಲೆ ಬೈಕು ಅತಿಯಾಗಿ ವಾಲುತ್ತದೆ, ಹೆಡ್‌ಲೈಟು ನೆಲ ನೋಡುತ್ತದೆ. ಮೂಲದ ಉದ್ದವನ್ನೇ ಉಳಿಸಿಕೊಳ್ಳುವುದು ಕ್ಷೇಮ.

ರಿಬೌಂಡನ್ನು ಅಂದಾಜು ಮಾಡುವ ಮನೆಯ ಪರೀಕ್ಷೆ ಸುಲಭ. ಹಿಂಭಾಗವನ್ನು ಬಲವಾಗಿ ಅದುಮಿ ಬಿಟ್ಟರೆ ಅದು ಒಮ್ಮೆ ಮೇಲೆ ಬಂದು ನಿಲ್ಲಬೇಕು. ಮತ್ತೆ ಕೆಳಗಿಳಿದು ಕುಣಿದರೆ ತಡೆ ಸಾಲದು; ಘಟ್ಟದ ತೊನೆದಾಟ ಇದರ ಫಲ. ಬಳಲಿದವರಂತೆ ನಿಧಾನವಾಗಿ ಎದ್ದರೆ ತಡೆ ಹೆಚ್ಚಾಯಿತು. ಸಾಲು ಉಬ್ಬುಗಳ ಮೇಲೆ ಚಕ್ರ ಪೂರ್ತಿ ಕೆಳಗೆ ಬರುವಷ್ಟರಲ್ಲಿ ಮುಂದಿನ ಉಬ್ಬು ಬಂದು, ಬೈಕು ಹಂತ ಹಂತವಾಗಿ ಕುಗ್ಗುತ್ತ ಹೋಗುತ್ತದೆ.

ಕಾಗದಪತ್ರಗಳ ಮಾತನ್ನು ನಮ್ಮ ವೃತ್ತಿಯವರು ಹೇಳದೆ ಬಿಡಲಾರರು. ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ವಿಧಿಸುತ್ತದೆ. ಸರ್ವೋಚ್ಚ ನ್ಯಾಯಾಲಯವೂ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಸ್ಪ್ರಿಂಗನ್ನೋ ಎಣ್ಣೆಯನ್ನೋ ಬದಲಿಸುವುದು ಬೇರೆ, ಚೌಕಟ್ಟಿಗೆ ಬೆಸುಗೆ ಹಾಕಿ ಜೋಡಿ ಶಾಕ್ ಅಬ್ಸಾರ್ಬರಿನ ಜಾಗದಲ್ಲಿ ಒಂಟಿಯನ್ನು ಕೂರಿಸುವುದು ಬೇರೆ. ಎರಡನೆಯದರ ಹತ್ತಿರ ಹೋಗಲೇಬಾರದು. ಚೌಕಟ್ಟನ್ನು ಮುಟ್ಟದೆ ಬಿಡಿಭಾಗ ಬದಲಿಸುವಾಗಲೂ ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿ, ಉತ್ತರವನ್ನು ಪಾಲಿಸಿಯ ಜೊತೆಗೆ ಇಟ್ಟುಕೊಳ್ಳಬೇಕು. ಹೊರಗಿನಿಂದ ಕೂಡಿಸಿದ ದುಬಾರಿ ಭಾಗಗಳು ಬೈಕಿನ ವಿಮಾ ಮೌಲ್ಯದೊಳಗೆ ತಾವಾಗಿಯೇ ಸೇರುವುದಿಲ್ಲ. ಪ್ರತ್ಯೇಕವಾಗಿ ನಮೂದಿಸಿ ಅಲ್ಪ ಹೆಚ್ಚಿನ ಕಂತು ಕಟ್ಟಬೇಕು. ವಾರಂಟಿಯ ಅವಧಿ ಮುಗಿಯದಿದ್ದರೆ ಡೀಲರಿನ ಮಾತನ್ನೂ ಕಾಗದದ ಮೇಲೆ ಪಡೆಯಿರಿ. ಬಿಚ್ಚಿದ ಮೂಲ ಭಾಗಗಳನ್ನು ರದ್ದಿಗೆ ಹಾಕದೆ ಕಾಪಾಡಿದರೆ ಬೈಕನ್ನು ಮಾರುವಾಗ ಪ್ರಯೋಜನಕ್ಕೆ ಬರುತ್ತವೆ.

ಫೋರ್ಕಿನ ಕೆಲಸವನ್ನು ಮನೆಯ ಅಂಗಳದಲ್ಲಿ ಮಾಡಲು ಹೊರಡುವ ಉತ್ಸಾಹಿಗಳಿಗೆ ಒಂದು ಮಾತು: ಫೋರ್ಕಿನ ಮುಚ್ಚಳದ ಕೆಳಗೆ ಸ್ಪ್ರಿಂಗು ಅದುಮಿಕೊಂಡು ಕುಳಿತಿರುತ್ತದೆ, ಕೊನೆಯ ಸುತ್ತಿನಲ್ಲಿ ಮುಚ್ಚಳ ಮುಖಕ್ಕೆ ಹಾರುವುದುಂಟು. ಅನುಭವಸ್ಥರ ಕೈಗೆ ಕೊಡುವುದೇ ಸರಿ. ಕೆಲಸ ಮುಗಿದು ಬೈಕು ಮನೆಗೆ ಬಂದ ಮೇಲೆ, ಉಂಗುರ ಎಷ್ಟನೆಯ ಮೆಟ್ಟಿಲಿನಲ್ಲಿದೆ, ರಿಬೌಂಡಿನ ತಿರುಪು ಎಷ್ಟು ಕ್ಲಿಕ್ಕಿನಲ್ಲಿದೆ, ಕುಸಿತ ಎಷ್ಟು, ಗಾಳಿ ಎಷ್ಟು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಸೀಟಿನ ಕೆಳಗೆ ಇಡಬೇಕು. ಪರಿಚಯದ ಒಂದೇ ರಸ್ತೆಯಲ್ಲಿ, ಮೊದಲು ಒಬ್ಬರೇ, ನಂತರ ಇಬ್ಬರು, ಓಡಿಸಿ ನೋಡಿ, ಒಂದು ಸಲಕ್ಕೆ ಒಂದನ್ನು ಮಾತ್ರ ತಿದ್ದಬೇಕು. ಹಿಂದೆ ಕುಳಿತವರನ್ನೂ ಕೇಳಿರಿ. ಹಿಂದಿನ ಚಕ್ರ ಏನು ಮಾಡುತ್ತಿದೆಯೆಂಬುದು ಸವಾರನಿಗಿಂತ ಮೊದಲು ತಿಳಿಯುವುದು ಅವರಿಗೆ.